“ನಾನು ಒಪ್ಪಿಲ್ಲ ಆಂಟಿ”

ನಾಲ್ಕು ಜನ ಒಂದೇ ಸೂರಿನಡಿ ಇದ್ದಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ನಾವು ನಗುತ್ತಿರಲಿ ಎಂದೇ ಇರಬೇಕು, ಶಿವ ನಮ್ಮ ಬೆಳ್ಳಂದೂರಿನ ಅಪಾರ್ಟ್‌ಮೆಂಟಿಗೆ ಒಬ್ಬ ಎಂಜಿನಿಯರನ್ನು ಕಳಿಸಿದ್ದಾನೆ. ನನ್ನ ಮನೆಯ ಕೆಳಗಿನ ಫ್ಲ್ಯಾಟು ಅವನದು. ನಾನು ಸಂಘದ ಕಾರ್ಯದರ್ಶಿ. ಬೇಡ ಅನ್ನಲು ಬಾರದವಳೆಂದು ಎಲ್ಲರೂ ಸೇರಿ ಮಾಡಿದ್ದು.

ಚಪ್ಪಲಿ

ಕಾರಿಡಾರಿನಲ್ಲಿ ಚಪ್ಪಲಿ ಬಿಡಬಾರದು ಎಂದು ನಿಯಮವಾಯಿತು. ಅವನ ಬಾಗಿಲಲ್ಲಿ ಮಾತ್ರ ಚಪ್ಪಲಿ ಹಾಗೇ ಇತ್ತು. ಹೋಗಿ ಕೇಳಿದೆ.

“ನಾನು ಒಪ್ಪಿಲ್ಲ ಆಂಟಿ. ಒಪ್ಪದೇ ಇರೋನ ಮೇಲೆ ಕಾನೂನು ಹೇರಿದ್ರೆ ಅದು ಬಲವಂತ. ನಾನು ಲಿಬರ್ಟೇರಿಯನ್.”

“ಅದಿರಲಿ, ತಿಂಡಿ ಆಯ್ತಾ?”

ಆಗಿರಲಿಲ್ಲ. ಅದಕ್ಕೆ ಒಪ್ಪಿದ. ಉಪ್ಪಿಟ್ಟು ತಿನ್ನುತ್ತ ವಿವರಿಸಿದ: ಒಪ್ಪಿದವರಿಗೆ ಅವರ ನಿಯಮ, ತನ್ನ ಬಾಗಿಲಿಗೆ ಯಾವ ನಿಯಮವೂ ಇಲ್ಲ. ನ್ಯಾಯವೇ ಅನ್ನಿಸಿ ಎಲ್ಲರಿಗೂ ಹಾಗೇ ಹೇಳಿಬಿಟ್ಟೆ.

ಮಾರನೆಯ ಸಂಜೆ ಅವನು ಆಫೀಸಿನಿಂದ ಬಂದರೆ, ಇಡೀ ಮಹಡಿಯ ಚಪ್ಪಲಿ ಅವನ ಬಾಗಿಲ ಮುಂದೆ, ಮದುವೆ ಛತ್ರದ ಹಾಗೆ. ಅಲ್ಲಿಂದಲೇ ಫೋನ್ ಮಾಡಿದ.

“ಆಂಟಿ, ಯಾರೂ ನನ್ನನ್ನ ಒಂದ್ ಮಾತು ಕೇಳಿಲ್ಲ.”

“ಕೇಳ್ಬೇಕು ಅಂತ ಅಲ್ಲಿ ನಿಯಮ ಇಲ್ವಲ್ಲಪ್ಪ.”

ಗೇಟಿನ ಬಣ್ಣ

ಆದರೂ ಅವನ ಮಾತು ಮನಸ್ಸಿನಲ್ಲಿ ಉಳಿಯಿತು. ಒಂದು ಜೀವವೂ ನೋಯದೆ ನಿಯಮವಾದರೆ ಶಿವ ಮೆಚ್ಚಲಾರನೇ? ಮುಂದಿನ ಸಭೆಯಲ್ಲಿ, ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ ಎಂದೆ.

ಗೇಟಿನ ಬಣ್ಣದಿಂದ ಶುರುವಾಯಿತು. ಹಸಿರು ಅಂದರೆ ಒಬ್ಬರಿಗೆ ಬೇಡ, ನೀಲಿ ಅಂದರೆ ಇನ್ನೊಬ್ಬರಿಗೆ. ಹಳೇ ಬಣ್ಣವೇ ಇರಲಿ ಅಂದರೆ ಇಬ್ಬರಿಗೂ ಬೇಡ. ಕೊನೆಗೆ ಅಧ್ಯಕ್ಷರು ಸುಸ್ತಾಗಿ, “ಸಭೆ ಮುಗಿಸೋಣ. ಇದಕ್ಕಾದ್ರೂ ಎಲ್ರೂ ಒಪ್ತೀರಾ?” ಎಂದರು.

ಒಂದು ಬಿಟ್ಟು ಎಲ್ಲ ಕೈಗಳೂ ಎದ್ದವು.

“ನಾನು ಒಪ್ಪಿಲ್ಲ. ನಂದಿನ್ನೂ ಮಾತಿದೆ.”

ಅಧ್ಯಕ್ಷರು ಎದ್ದು ಹೋಗಿ ಲೈಟು, ಫ್ಯಾನು ಎರಡೂ ಆರಿಸಿದರು. ಅದಕ್ಕೆ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ.

ಗಂಟೆ

ಮತ್ತೆ ಕೈ ಎಣಿಸುವ ಪದ್ಧತಿಗೇ ಬಂದೆವು. ಆಗ ಬಂತು ಈ ನಿಯಮ: ಬೆಳಿಗ್ಗೆ ಏಳರವರೆಗೆ ಸದ್ದು ಮಾಡಬಾರದು. ಯಾರೂ ನನ್ನ ಹೆಸರೆತ್ತಲಿಲ್ಲ, ಎಲ್ಲರೂ ನೆಲ ನೋಡಿದರು. ಐದೂವರೆಗೆ ಪೂಜೆಯ ಗಂಟೆ ಬಾರಿಸುವವಳು ನಾನೊಬ್ಬಳೇ. ನಮ್ಮವರು ಇದ್ದಾಗ ನಾನು ಆರತಿ ಎತ್ತಿದರೆ ಗಂಟೆ ಅವರು ಬಾರಿಸುತ್ತಿದ್ದರು. ಅವರು ಶಿವನ ಪಾದ ಸೇರಿದ ಮೇಲೆ ಎರಡು ಕೈಯ ಕೆಲಸವೂ ನನ್ನದೇ.

ಆದರೆ ನೈಟ್ ಶಿಫ್ಟ್ ಮುಗಿಸಿ ಬಂದ ಅಕ್ಕಪಕ್ಕದ ಮನೆಯ ಮಕ್ಕಳು ಕಣ್ಣು ಮುಚ್ಚುವ ಹೊತ್ತು ಅದು. ನಾನೇ ಮೊದಲು ಕೈ ಎತ್ತಿದೆ.

“ನಾನು ಒಪ್ಪಿಲ್ಲ,” ಎಂದ ಅವನು. “ಆ ಗಂಟೆ ದಿನಾ ನನ್ನ ತಲೆ ಮೇಲೇ ಬಡ್ಕೊಳ್ಳತ್ತೆ. ದೇವ್ರನ್ನ ನಾನು ನಂಬೋದೂ ಇಲ್ಲ. ಆದ್ರೆ ಕೈ ಎಣಿಸಿ ಒಬ್ಬರ ಪೂಜೆ ನಿಲ್ಲಿಸೋದು ತಪ್ಪು.”

ನಿಯಮ ಪಾಸಾಯಿತು.

ಮರುದಿನ ಗಂಟೆ ಮುಟ್ಟದೆ ಆರತಿ ಹಚ್ಚಿದೆ. ಮನೆ ಇಷ್ಟು ದೊಡ್ಡದೆಂದು ಅವತ್ತೇ ಗೊತ್ತಾಗಿದ್ದು. ಯಾರೋ ಬಾಗಿಲು ತಟ್ಟಿದರು. ನೋಡಿದರೆ ಅವನೇ, ಕೂದಲು ಕೆದರಿಕೊಂಡು.

“ಹುಷಾರಾಗಿದ್ದೀರಾ ಆಂಟಿ? ಗಂಟೆ ಆಗ್ಲಿಲ್ಲ ಅಂತ ಎಚ್ಚರ ಆಗ್ಬಿಡ್ತು.”

“ನಿಯಮ ಆಯ್ತಲ್ಲಪ್ಪ. ನಾನು ಒಪ್ಪಿದ್ದೀನಿ.”

“ನಾನು ಒಪ್ಪಿಲ್ವಲ್ಲ.”

ಒಳಗೆ ಬಂದು ಗಂಟೆ ಎತ್ತಿಕೊಂಡ. “ಹೆಂಗೆ ಬಾರಿಸ್ಬೇಕು?”

“ಮೆಲ್ಲಗೆ. ಮಲಗಿರೋರ ಒಪ್ಪಿಗೆ ನಮ್ಮ ಹತ್ರ ಇಲ್ಲ.”

ನನಗೂ ಶಿವನಿಗೂ ಮಾತ್ರ ಕೇಳುವಷ್ಟು ಮೆಲ್ಲಗೆ ಬಾರಿಸಿದ. ನಾನು ಆರತಿ ಎತ್ತಿದೆ.

ಈಗ ದಿನಾ ಬರುತ್ತಾನೆ. ಚಪ್ಪಲಿ ಮಾತ್ರ ನನ್ನ ಬಾಗಿಲ ಮುಂದೆ, ಕಾರಿಡಾರಿನಲ್ಲೇ ಬಿಟ್ಟು ಬರುತ್ತಾನೆ. ಕಾರ್ಯದರ್ಶಿಯಾದವಳು ನೋಡಬೇಕಾದದ್ದೇ. ಏನು ಮಾಡಲಿ, ಆ ಹೊತ್ತಿಗೆ ನಾನು ಕಣ್ಣು ಮುಚ್ಚಿ ಕೈ ಮುಗಿದಿರುತ್ತೇನೆ.