ಎಡಗಾಲಿನ ಕೆರ

ಜಾಲಹಳ್ಳಿಯ ಕನಕರಾಯ ಇದ್ದ ಕುರಿಗಳನ್ನೆಲ್ಲ ಮಾರಿ, ಮಾನ್ವಿಯ ಸಾಹುಕಾರರೊಬ್ಬರ ಹಳೆಯ ಟ್ರ್ಯಾಕ್ಟರ್ ತಂದಾಗ ಎಲ್ಲರಿಗಿಂತ ಹೆಚ್ಚು ಮರುಗಿದವನು ಕೃಷ್ಣಾ ದಂಡೆಯ ಹಳ್ಳಿ ಗೂಗಲ್‌ನಲ್ಲಿದ್ದ ಅವನ ಮಾವ ಹುಲಿಗೆಪ್ಪ. "ಕುರಿ ಮರಿ ಹಾಕ್ತದ. ಕಬ್ಬಿಣ ಏನು ಹಾಕ್ತದ?" ಎಂದು ಬಂದುಹೋದವರೆದುರು ಆಡಿಕೊಂಡ. ಕಾರಹುಣ್ಣಿಮೆಗೆ ತವರಿಗೆ ಬಂದ ಮಗಳು ಆದೆಮ್ಮನನ್ನು ಇಟ್ಟುಕೊಂಡು, "ಆ ಗಾಡಿ ಅಷ್ಟು ಚಲೋ ಇದ್ರ ಅದರಾಗ ಬಂದು ಕರಕೊಂಡು ಹೋಗಲಿ" ಎಂದು ಹೇಳಿ ಕಳಿಸಿದ.

ನಾಳೆ ಅಮಾವಾಸ್ಯೆ, ಅದು ಕಳೆದರೆ ಆಷಾಢ. ಹೊಸ ಮದುವೆಯ ಹೆಣ್ಣನ್ನು ಅಮಾವಾಸ್ಯೆಯಂದು ತವರಿನಿಂದ ಕಳಿಸುವುದಿಲ್ಲ, ಆಷಾಢದಲ್ಲಂತೂ ಕಳಿಸುವಂತೆಯೇ ಇಲ್ಲ. ಇವತ್ತು ಹೊತ್ತು ಮುಳುಗುವುದರೊಳಗೆ ಆದೆಮ್ಮ ತವರಿನ ಹೊಸ್ತಿಲು ದಾಟದಿದ್ದರೆ ಇನ್ನೊಂದು ತಿಂಗಳು ಕಾಯಬೇಕು. ಕನಕರಾಯನಿಗೆ ಈ ಹದಿನೈದು ದಿನ ಕಳೆಯುವುದೇ ಸಾಕುಸಾಕಾಗಿತ್ತು.

ಬೆಳಿಗ್ಗೆ ಅವನ ತಾಯಿ ಯಮನಮ್ಮ, ಸತ್ತ ಗಂಡನ ಎಡಗಾಲಿನ ಕೆರ ಹಿಡಿದುಕೊಂಡು ಬಂದಳು. ಕುರಿಗಳ ಹಿಂದೆ ಊರೂರು ಅಲೆದ ಕೆರ ಅದು. ಅಟ್ಟೆಗೆ ಬಡಿದ ಮೊಳೆಗಳೇ ಸೇರು ತೂಗುತ್ತಿದ್ದವು.

"ಊರ ಕಣ್ಣೆಲ್ಲ ಇದರ ಮ್ಯಾಲೇ ಅದ. ದೃಷ್ಟಿಗೆ ಮುಂದ ಕಟ್ಟತೀನಿ ಯಪ್ಪಾ."

"ಮುಂದ ಬ್ಯಾಡ ಯವ್ವಾ, ಬೀಗರು ನಗ್ತಾರ. ಎಲ್ಲ್ಯರ ತಳಗ, ಯಾರ ಕಣ್ಣಿಗೂ ಬೀಳದಂಗ ಕಟ್ಟು" ಎಂದು ಹೇಳಿ ಅವನು ಜಳಕಕ್ಕೆ ಹೋದ.

ಸ್ಟೇರಿಂಗಿನ ಅಡಿಯಲ್ಲಿ ಒಂದು ಸಣ್ಣ ಸರಳು ಚಾಚಿಕೊಂಡಿತ್ತು. ಅದನ್ನು ಕೆಳಗೆಳೆದರೆ ಎಂಜಿನ್ನಿಗೆ ಹೋಗುವ ಡೀಸೆಲ್ ನಿಂತು ಗಾಡಿ ಬಂದ್ ಆಗುತ್ತದೆ, ಬಿಟ್ಟರೆ ತಾನೇ ಮೇಲೇರುತ್ತದೆ. ಪಾಪ, ಯಮನಮ್ಮನಿಗೆ ಇದೇನು ಗೊತ್ತು? ಯಾರೋ ಪುಣ್ಯಾತ್ಮರು ಕೆರಕ್ಕೆಂದೇ ಹೊಡೆದ ಗೂಟ ಎಂದುಕೊಂಡು ದಾರ ಕಟ್ಟಿ ನೇತುಹಾಕಿದಳು. ಭಾರಕ್ಕೆ ಸರಳು ಕೆಳಗಿಳಿದು ಅಲ್ಲೇ ಉಳಿಯಿತು.

ತಲೆಗೆ ಹೊಸ ಪಟಗಾ ಸುತ್ತಿಕೊಂಡು ಬಂದ ಕನಕರಾಯ ಸೆಲ್ಫ್ ಹೊಡೆದ. ಗಾಡಿ ಗುರುಗುಟ್ಟಿತು, ಸ್ಟಾರ್ಟ್ ಆಗಲಿಲ್ಲ. ಮತ್ತೆ ಹೊಡೆದ, ಮತ್ತೆ ಗುರುಗುಟ್ಟಿತು. ಆ ಸದ್ದಿಗೆ ಓಣಿಯೇ ನೆರೆಯಿತು.

ಪೀರಾ ಸಾಬ್ ಹಿಂದೊಮ್ಮೆ ರಾಯಚೂರಿನಲ್ಲಿ ಲಾರಿ ಕ್ಲೀನರ್ ಆಗಿದ್ದವನು. ಆ ಹಕ್ಕಿನಿಂದ ಮುಂದೆ ಬಂದ. "ಪೈಪಿನಾಗ ಗಾಳಿ ಸೇರ್ಯಾದ. ನಟ್ ಸಡಿಲ ಮಾಡಿದ್ರ ಬಿಟ್ಟು ಹೋಗ್ತದ" ಎಂದು ಪಾನಾ ತಿರುಗಿಸಿದ. ಗಾಳಿ ಹೋಯಿತೋ ಇಲ್ಲವೋ, ನಟ್ ಕೈತಪ್ಪಿ ಎಲ್ಲೋ ಉರುಳಿ, ಅದು ಸಿಗುವ ಹೊತ್ತಿಗೆ ಮುಕ್ಕಾಲು ಪಾಲು ಡೀಸೆಲ್ ನೆಲದ ಪಾಲಾಗಿತ್ತು.

ಹಿಟ್ಟಿನ ಗಿರಣಿಯ ಮೌನಪ್ಪ ತಲೆ ಅಲ್ಲಾಡಿಸಿದ. "ಗಾಳಿ ಅಲ್ಲ ಸಾಬ. ಬ್ಯಾಟ್ರಿಗೆ ಥಂಡಿ ಹತ್ಯಾದ."

"ಈ ಸೆಕಿಯಾಗ ಥಂಡಿ ಏನ್ರೀ?" ಎಂದ ಕನಕರಾಯ.

"ಸೆಕಿ ಹೊರಗ ಅದ. ಥಂಡಿ ಒಳಗ ಇರ್ತದ."

ಓಣಿಯವರು ಕೂಡಿ ಬ್ಯಾಟರಿಗೆ ಕೌದಿ ಹೊದಿಸಿದರು. ಅದು ಸುಖವಾಗಿ ಮಲಗಿಬಿಟ್ಟಿತು, ಈಗ ಗುರುಗುಟ್ಟುವುದೂ ನಿಂತಿತು.

ಮಧ್ಯಾಹ್ನ ವಾಲಿತು. ಕನಕರಾಯನ ಮುಖ ನೋಡಲಾರದೆ ಎಲ್ಲರೂ ಕೂಡಿ ಇಳಿಜಾರಿಗೆ ತಳ್ಳೋಣವೆಂದರು. ಏದುಸಿರು ಬಿಡುತ್ತ ತಳ್ಳಿದರು, ಅರ್ಧ ದಾರಿಯಲ್ಲಿ ನಿಂತು ಸುಧಾರಿಸಿಕೊಂಡರು. ಬೆವರೊರೆಸುತ್ತ ಅವರು ಒಬ್ಬರನ್ನೊಬ್ಬರು ಬೈಯುತ್ತಿದ್ದಾಗ ಓಣಿಯ ಕರಿನಾಯಿ ತೊಗಲಿನ ವಾಸನೆ ಹಿಡಿದು ಟ್ರ್ಯಾಕ್ಟರ್ ಏರಿತು, ಕೆರ ಕಚ್ಚಿ ಜಗ್ಗಿ ದಾರ ಹರಿದುಕೊಂಡು ಓಡಿತು. ಸರಳು ಟಕ್ಕನೆ ಮೇಲೇರಿದ್ದನ್ನು ಯಾರೂ ನೋಡಲಿಲ್ಲ. ಮತ್ತೊಮ್ಮೆ ತಳ್ಳಿದ್ದೇ ತಡ, ಗಾಡಿ ಕೆಮ್ಮಿ, ಹೊಗೆ ಉಗುಳಿ, ಸ್ಟಾರ್ಟ್ ಆಯಿತು.

"ಗಾಳಿ ಹೋತು ನೋಡು" ಎಂದ ಪೀರಾ ಸಾಬ್. "ಥಂಡಿ ಬಿಡ್ತು" ಎಂದ ಮೌನಪ್ಪ. ಯಮನಮ್ಮ ಬಗ್ಗಿ ನೋಡಿ ಕೈಮುಗಿದಳು. "ಎಂಥಾ ಕೆಟ್ಟ ಕಣ್ಣು ಯಪ್ಪಾ, ಕೆರಾನೇ ಹೊತ್ಕೊಂಡು ಹೋತು. ಬೀಗರ ಮನಿಯಾಗ ಇನ್ನೊಂದು ಕಟ್ಟಿಸ್ಕೊಂಡು ಬಾ. ಮರೀಬ್ಯಾಡ."

ಹಿಂದೆ ಟ್ರೇಲರ್ ಸಿಕ್ಕಿಸಿಕೊಂಡು ಕನಕರಾಯ ಗೂಗಲ್ ಮುಟ್ಟಿದಾಗ ಹೊತ್ತಿನ್ನೂ ಇತ್ತು. ಹುಲಿಗೆಪ್ಪ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದು, "ಪರವಾಗಿಲ್ಲ ಅಳಿಯಂದ್ರ, ಕಬ್ಬಿಣಕ್ಕೂ ಜೀವ ಅದ" ಎಂದ. ಆ ಮಾತಿಗೆ ಕನಕರಾಯನ ಎದೆ ಹಿಗ್ಗಿತು. ಊಟಕ್ಕೆ ಕರೆದರು. ಆದರೆ ಅವನು ಎಂಜಿನ್ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತದೆಂದು ಯಾರು ಬಲ್ಲರು?

"ಬಂದ್ ಮಾಡಂಗಿಲ್ಲೇನು?" ಎಂದು ಕೇಳಿದಳು ಅತ್ತೆ ಬೂದೆಮ್ಮ.

"ಇದು ದೊಡ್ಡ ಗಾಡಿ ಅತ್ತಿ. ಬಂದ್ ಮಾಡೂದಿಲ್ಲ."

ಎರಡನೆಯ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಹೊರಗೆ ಗಾಡಿ ಎರಡು ಸಲ ಬಿಕ್ಕಳಿಸಿ ಸುಮ್ಮನಾಯಿತು. ಡೀಸೆಲ್ ತೀರಿತ್ತು. ಗೂಗಲ್‌ನಲ್ಲಿ ಕೃಷ್ಣೆಯ ನೀರು ಬೇಕಾದಷ್ಟಿತ್ತು, ಡೀಸೆಲ್ ಇರಲಿಲ್ಲ.

ಕನಕರಾಯ ತಲೆತಗ್ಗಿಸಿ ನಿಂತ. ಆದೆಮ್ಮ ಮಾತ್ರ ಆಗಲೇ ಟ್ರಂಕಿನ ಸಮೇತ ಟ್ರೇಲರ್ ಏರಿ ಕುಳಿತಿದ್ದಳು. "ಹೊಸ್ತಿಲು ದಾಟೀನಿ. ನಾ ಇಳಿಯಂಗಿಲ್ಲ" ಎಂದಳು. ಅವಳಿಗೂ ಆ ಹದಿನೈದು ದಿನ ಸಾಕಾಗಿತ್ತು ಎಂಬುದು ಅವನಿಗೆ ಆಗ ಗೊತ್ತಾಯಿತು.

ಹುಲಿಗೆಪ್ಪ ಮಗಳನ್ನು ನೋಡಿದ, ಅಳಿಯನನ್ನು ನೋಡಿದ. ಕೊಟ್ಟಿಗೆಗೆ ಹೋಗಿ ಎತ್ತುಗಳನ್ನು ತಂದು ಟ್ರ್ಯಾಕ್ಟರಿನ ಮುಂದೆ ಹೂಡಿದ. "ನೀವು ಸ್ಟೇರಿಂಗ್ ಹಿಡೀರಿ ಅಳಿಯಂದ್ರ. ನಿಮ್ಮೂರ ತನಕ ಎತ್ತು ಎಳೀತಾವ, ನಾಳೆ ಡೀಸೆಲ್ ಹಾಕಿದ್ರ ಹೊಂಟೇ ಹೊಂಡತದ."

ಊರೆಲ್ಲ ನಗುತ್ತಿತ್ತು. ನಾಚಿಕೆಯಾದರೂ ಕನಕರಾಯನಿಗೆ ಒಳಗೊಳಗೇ ಹಿಗ್ಗು. ಹೆಂಡತಿ ಗಾಡಿಯಲ್ಲಿದ್ದಾಳೆ, ನಾಳೆ ಡೀಸೆಲ್ ತಂದರೆ ಮುಗಿಯಿತು. ಆಗ ತಾಯಿಯ ಮಾತು ನೆನಪಾಯಿತು.

"ಅತ್ತಿ, ದೃಷ್ಟಿಗೆ ಕಟ್ಟಿದ್ದ ಕೆರ ಬಿಚ್ಚಿ ಹೋತು. ಒಂದು ಹಳೇ ಕೆರ ಇದ್ರ ಕಟ್ರಿ. ತಳಗ, ಯಾರ ಕಣ್ಣಿಗೂ ಬೀಳದಂಗ."

ಬೂದೆಮ್ಮ ಗಂಡನ ಮೊಳೆ ಬಡಿದ ಕೆರ ತಂದಳು. ಸ್ಟೇರಿಂಗಿನ ಅಡಿಗೆ ಬಗ್ಗಿ, ಕೈಗೆ ಸಿಕ್ಕ ಸರಳಿಗೆ ಎರಡು ಗಂಟು ಬಿಗಿದು ಕಟ್ಟಿದಳು.

"ಈ ಸಲ ಎಂಥಾ ಕಣ್ಣು ಬಿದ್ರೂ ಬಿಚ್ಚಂಗಿಲ್ಲ" ಎಂದಳು.