ಒಗ್ಗರಣೆ ಸೌಟು ಕೋರ್ಟ್ ಮೆಟ್ಟಿಲು ಹತ್ತಿದ್ದು

ಪೇಟೆಂಟ್ ವಕೀಲನಿಗೆ ನಗುವುದಕ್ಕೆ ಏನಿರುತ್ತದೆ ಎಂದು ಸಿಡ್ನಿಯ ಟೂಂಗಾಬಿಯ ಸ್ನೇಹಿತರು ಕೇಳುತ್ತಾರೆ. ಏನಿರುವುದಿಲ್ಲ ಹೇಳಿ! ದೊಡ್ಡ ದೊಡ್ಡವರು ಸೂಟು ಹಾಕಿಕೊಂಡು ಬಂದು ಒಂದು ತಿರುಪಿನ ಬಗ್ಗೆ ದಿನಗಟ್ಟಲೆ ಜಗಳವಾಡುವ ಜಾಗದಲ್ಲಿ ನಗುವಂಥವು ನಡೆಯುತ್ತಲೇ ಇರುತ್ತವೆ. ಆದರೆ ಪಕ್ಕದ ಬಡಾವಣೆ ಗಿರಾವೀನಿನ ಆಂಟಿಯ ಕೇಸಿನಲ್ಲಿ ನಕ್ಕಷ್ಟು ನಾನು ಇನ್ನೆಲ್ಲೂ ನಕ್ಕಿಲ್ಲ. ಅಷ್ಟು ಹೆದರಿಯೂ ಇಲ್ಲ.

ಆಂಟಿ ಉಡುಪಿ ಕಡೆಯವರು, ಫಿಸಿಯೋಥೆರಪಿಸ್ಟ್. ಒಗ್ಗರಣೆ ಹಾಕಿದಾಗಲೆಲ್ಲ ಬಾಡಿಗೆ ಫ್ಲ್ಯಾಟಿನ ಸ್ಮೋಕ್ ಅಲಾರ್ಮ್ ಬೊಬ್ಬೆ ಹೊಡೆಯುವುದು ಸಾಕಾಗಿ, ಹೊಗೆಯನ್ನೂ ಸಿಡಿಯುವ ಸಾಸಿವೆಯನ್ನೂ ಹಿಡಿದಿಡುವ ಮುಚ್ಚಳವೊಂದನ್ನು ಸೌಟಿಗೆ ಕಂಡುಹಿಡಿದು ಪೇಟೆಂಟ್ ಪಡೆದಿದ್ದರು. ಮೆಲ್ಬರ್ನಿನ ಪಾತ್ರೆ ಕಂಪನಿಯೊಂದು ಅದನ್ನೇ ನಕಲು ಮಾಡಿ ಮಾರತೊಡಗಿತು. ಕೇಳಿದರೆ, "ಇದು ಯಾರಿಗಾದರೂ ಹೊಳೆಯುವಂಥದ್ದು, ಪೇಟೆಂಟೇ ರದ್ದಾಗಲಿ" ಎಂದಿತು. ಆ ಕೆಲಸ ಬಲ್ಲ ಮಾಮೂಲಿ ಮನುಷ್ಯನಿಗೆ ಸಲೀಸಾಗಿ ಹೊಳೆಯುವುದಕ್ಕೆ ಕಾನೂನು ಪೇಟೆಂಟ್ ಕೊಡುವುದಿಲ್ಲ. ಸೋತರೆ ಆಂಟಿಯ ಮುಚ್ಚಳ ಊರೆಲ್ಲರ ಪಾಲು.

ಸೌಟು ಎನ್ನಬಾರದು

ಮೆಲ್ಬರ್ನಿನ ಫೆಡರಲ್ ಕೋರ್ಟಿನಲ್ಲಿ ಮೊದಲ ದಿನ. ಆಂಟಿಯ ವಕೀಲ ನಾನೇ ಆದರೂ ಅಲ್ಲಿ ಎದ್ದು ನಿಂತು ವಾದಿಸುವವರು ಬ್ಯಾರಿಸ್ಟರ್. ನಮ್ಮ ಬ್ಯಾರಿಸ್ಟರ್ "ಹಿಡಿಕೆಯುಳ್ಳ ಉಷ್ಣವಾಹಕ ಧಾರಕ" ಎಂದು ಶುರುಮಾಡಿ ಮುಗಿಸಲೇ ಇಲ್ಲ. ನ್ಯಾಯಾಧೀಶೆ ಮೃದು ಮಾತಿನವರು, ಉದ್ದ ಮಾತು ಮಾತ್ರ ಅವರಿಗೆ ಆಗದು.

"ಸೌಟು ತಾನೇ?" ಎಂದರು.

"ಸೌಟೂ ಇರಬಹುದು, ಯುವರ್ ಆನರ್." ಬರೀ ಸೌಟು ಎಂದು ಒಪ್ಪಿಕೊಂಡರೆ, ನಾಳೆ ಯಾರೋ ಅದೇ ಮುಚ್ಚಳವನ್ನು ಬಾಣಲೆಗೆ ಹಾಕಿ ಪಾರಾಗುತ್ತಾರೆಂಬ ಭಯ ಅವರಿಗೆ.

"ನಿಮ್ಮ ಮನೇಲಿ ಇದನ್ನ ಯಾವ ಡ್ರಾಯರಿನಲ್ಲಿ ಇಡ್ತೀರಿ?"

ಬ್ಯಾರಿಸ್ಟರ್ ಬೆವರೊರೆಸಿಕೊಂಡು, "ಸೌಟಿನ ಡ್ರಾಯರಿನಲ್ಲಿ, ಯುವರ್ ಆನರ್. ನಮ್ಮ ಕಕ್ಷಿದಾರರ ಹಕ್ಕುಗಳಿಗೆ ಬಾಧೆ ಬಾರದಂತೆ" ಎಂದರು.

ಹೊಗಳಿದರೆ ಕಷ್ಟ

ಸಾಕ್ಷಿಗೆ ಇಂಥದ್ದೇ ಹೇಳಿ ಎಂದು ಹೇಳಿಕೊಡುವಂತಿಲ್ಲ. ನಿಜ ಹೇಳಿ ಎನ್ನಬಹುದು, ಅಷ್ಟೇ. ಆಂಟಿ ಸಾಕ್ಷಿ ಹೇಳುವ ಮೊದಲು ಅದನ್ನು ಹೇಳಲೆಂದೇ ಗಿರಾವೀನಿಗೆ ಹೋದೆ. ಆಂಟಿ ನೀರುದೋಸೆ ಬಡಿಸಿದರು.

"ದೋಸೆ ಬಹಳ ಚೆನ್ನಾಗಿದೆ ಆಂಟಿ."

"ಎಂತ ಚಂದ ಮಾರಾಯ, ಇವತ್ತು ಸರಿ ಬರ್ಲೇ ಇಲ್ಲ."

ಕೋರ್ಟಿನಲ್ಲೂ ಹೀಗೆ ಅಂದುಬಿಟ್ಟರೆ? ಅವರ ಮಗಳು ತಲೆ ಚಚ್ಚಿಕೊಂಡು, "ಅಮ್ಮಾ, ಜಸ್ಟ್ ಸೇ ಥ್ಯಾಂಕ್ಯೂ!" ಎಂದಳು.

"ಥ್ಯಾಂಕ್ಯೂ ಅಂದ್ರೆ ದೋಸೆ ಚಂದ ಉಂಟು ಅಂತ ಒಪ್ಪಿದ ಹಾಗೆ ಆಗ್ತದಲ್ಲ!" ಎಂದು ಆಂಟಿ ನನ್ನ ತಟ್ಟೆಗೆ ಇನ್ನೆರಡು ಹಾಕಿದರು.

ಯಾರು ಬೇಕಾದರೂ

ಹೆದರಿದ್ದೇ ಆಯಿತು. ಸಾಕ್ಷಿಕಟ್ಟೆಯಲ್ಲಿದ್ದ ಆಂಟಿಗೆ ನ್ಯಾಯಾಧೀಶೆ ಸೌಜನ್ಯಕ್ಕೆ, "ಜಾಣ ಕೆಲಸ ಮಾಡಿದ್ದೀರಿ" ಎಂದರು.

ಆಂಟಿ ಎರಡೂ ಕೈ ಆಡಿಸಿ, "ನೋ ನೋ ಯುವರ್ ಆನರ್, ಎನಿಬಡಿ ಕ್ಯಾನ್ ಡೂ!" ಎಂದರು.

ಕಂಪನಿಯ ಬ್ಯಾರಿಸ್ಟರ್ ಮುಖ ಹುಟ್ಟುಹಬ್ಬದ ಮಗುವಿನದಾಯಿತು. ನಮ್ಮವರ ಕೈಯಿಂದ ಪೆನ್ನು ಬಿತ್ತು. ನ್ಯಾಯಾಧೀಶೆ ಕನ್ನಡಕ ಸರಿಮಾಡಿಕೊಂಡು, "ಎನಿಬಡಿ ಅಂದರೆ ಯಾರ್‍ಯಾರು?" ಎಂದು ಕೇಳಿದರು.

ಆಂಟಿ ಪ್ರಮಾಣ ಮಾಡಿದ್ದವರಲ್ಲವೇ, ಕೊಂಚ ಯೋಚಿಸಿ ಹೇಳಿದರು: "ನನ್ನ ಗಂಡನನ್ನು ಬಿಟ್ಟು."

ಕ್ಲೇಟನ್ನಿನ ಅಡುಗೆಮನೆ

ಕಂಪನಿಯ ಪರ ತಜ್ಞರು ಮೆಲ್ಬರ್ನಿನದೇ ಬಡಾವಣೆ ಕ್ಲೇಟನ್ನಿನಲ್ಲಿರುವ ಪ್ರೊಫೆಸರ್, ಮೈಸೂರಿನವರು. ಹಳೇ ಸೌಟು, ಜಾಲರಿ, ಸ್ಪ್ರಿಂಗ್ ಇದ್ದರೆ ಇದು ಮಕ್ಕಳಾಟ ಎಂದು ಬರೆದುಕೊಟ್ಟಿದ್ದರು. ತಾವೇ ಒಂದನ್ನು ಮಾಡಿಯೂ ಇದ್ದರು. "ಕೇಳುವುದಕ್ಕಿಂತ ನೋಡುವುದು ಬೇಗ" ಎಂದ ನ್ಯಾಯಾಧೀಶೆ ಕೋರ್ಟನ್ನೇ ಕ್ಲೇಟನ್ನಿನ ಒಂದು ಬಾಡಿಗೆ ಅಡುಗೆಮನೆಗೆ ಕರೆತಂದರು. ಸಿಂಕಿನ ಪಕ್ಕ ಟೈಪಿಸ್ಟ್ ಕೂತ.

ಪ್ರೊಫೆಸರ್ ಎಣ್ಣೆ ಕಾಯಿಸಿ, ಸಾಸಿವೆ ಹಾಕಿ, ಮುಚ್ಚಳ ಒತ್ತಿದರು. ಟಪ್ಪೆಂದು ಮುಚ್ಚಳ ಹಾರಿತು. ಸಾಸಿವೆ ಅವರ ಕನ್ನಡಕಕ್ಕೂ ಕಂಪನಿಯ ಬ್ಯಾರಿಸ್ಟರ್ ಕಾಲರಿಗೂ ಸಿಡಿಯಿತು. ಅಲಾರ್ಮ್ ಕಿರುಚಿಕೊಂಡಿತು. ಟವೆಲ್ ಬೀಸಿ ಬೀಸಿ ಅದನ್ನು ಸುಮ್ಮನಾಗಿಸಿದಾಗ ಪ್ರೊಫೆಸರ್ ಮುಖ ಇಷ್ಟೇ ಇಷ್ಟಾಗಿತ್ತು.

ಆಂಟಿಗೆ ತಡೆಯಲಿಲ್ಲ. ಹತ್ತಿರ ಹೋಗಿ ಕನ್ನಡದಲ್ಲಿ ಏನೋ ಹೇಳಿದರು. "ಮತ್ತೆ ಎನಿಬಡಿ ಅಂದ್ರಾ?" ಎಂದು ನಮ್ಮ ಬ್ಯಾರಿಸ್ಟರ್ ನನ್ನ ತೋಳು ಹಿಂಡಿದರು. ಅಲಾರ್ಮಿನ ಸದ್ದಿಗೆ ಕಿವಿ ಗುಂಯ್ ಎನ್ನುತ್ತಿತ್ತು, ನನಗೂ ಕೇಳಿಸಿರಲಿಲ್ಲ.

"ಪ್ರೊಫೆಸರ್," ಎಂದರು ನ್ಯಾಯಾಧೀಶೆ, "ತಜ್ಞರ ಮೊದಲ ಕರ್ತವ್ಯ ಕೋರ್ಟಿಗೆ, ಫೀಸು ಕೊಟ್ಟವರಿಗಲ್ಲ. ಅವರು ಏನಂದರು?"

ಪಾಪ, ಒಳ್ಳೆಯ ಮನುಷ್ಯ. ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಒಪ್ಪಿಸಿದರು: "ಬೇಜಾರು ಮಾಡ್ಬೇಡಿ ಮಾರಾಯ್ರೆ. ನಂಗೂ ಎರಡು ವರ್ಷ ಬರ್ಲಿಲ್ಲ. ಎಷ್ಟು ಸೌಟು ಕಸಕ್ಕೆ ಹಾಕಿದ್ದೇನೋ ದೇವರಿಗೇ ಗೊತ್ತು."

"ನಿಜವೇ?" ಎಂದು ನ್ಯಾಯಾಧೀಶೆ ಆಂಟಿಯನ್ನು ಕೇಳಿದರು. "ನಿಜವೇ, ನಮ್ಮ ಕಸದ ಬಿನ್ ನೋಡಿದವರಿಗೆ ಗೊತ್ತು" ಎಂದರು ಆಂಟಿ. ಟೈಪಿಸ್ಟ್ ಟಕಟಕ ಹೊಡೆದುಕೊಂಡ. ಪೇಟೆಂಟ್ ಉಳಿಸಿದ ತೀರ್ಪು ಬರಲು ತಿಂಗಳುಗಳೇ ಹಿಡಿದವು. ನಾನಂತೂ ಅಲ್ಲೇ ಕುಣಿಯುವುದೊಂದು ಬಾಕಿ.

"ಹಾಗಾದರೆ ಪ್ರೊಫೆಸರ್, ಇದು ಯಾರಿಗಾದರೂ ಹೊಳೆಯುತ್ತೆ ಅನ್ನೋ ನಿಮ್ಮ ಅಭಿಪ್ರಾಯ?" ಎಂದು ನ್ಯಾಯಾಧೀಶೆ ಬಿಡದೆ ಕೇಳಿದರು.

ಪ್ರೊಫೆಸರ್ ಕನ್ನಡಕದ ಮೇಲಿನ ಸಾಸಿವೆ ಒರೆಸಿಕೊಂಡರು. ತಮಗೆ ಫೀಸು ಕೊಟ್ಟ ಕಂಪನಿಯವರ ಕಡೆ ತಿರುಗಿಯೂ ನೋಡದೆ, ಬಹಳ ವಿನಯದಿಂದ ಕೇಳಿದರು:

"ಯುವರ್ ಆನರ್, ಈಯಮ್ಮನ ಸೌಟು ಎಲ್ಲಿ ಸಿಗುತ್ತೆ? ನಮ್ಮ ಮನೆಗೊಂದು ಬೇಕಿತ್ತು."