ಮೂರು ದಿನದ ಚೌಕಾಸಿ

ಚೌಕಾಸಿಯಲ್ಲಿ ನನ್ನದೊಂದೇ ಸೂತ್ರ: ಮೊದಲು ಬಾಯಿ ಬಿಟ್ಟವರು ಸೋತರು. ಕಬನೂರಿನ ಮಗ್ಗದವರಿಂದ ಸಣ್ಣ ಕಲೆಯಿದ್ದ ಸೀರೆಗಳನ್ನು ಕೊಂಡು, ಗಂಟು ಹೊತ್ತು ಗಡಹಿಂಗ್ಲಜದ ಸಂತೆಯಲ್ಲಿ ಮಾರುತ್ತ, ಕಡೆಗೆ ಇಚಲಕರಂಜಿಯಲ್ಲಿ ಸ್ವಂತ ಅಂಗಡಿ ತೆರೆದದ್ದು ಈ ಸೂತ್ರದ ಬಲದಿಂದಲೇ. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಸೊಸೆ ಸವಿತಾಳಿಗೂ ಹೇಳಿಕೊಟ್ಟೆ. ಅಲ್ಲೇ ಎಡವಿದ್ದು.

ಚೊಚ್ಚಲ ಹೆರಿಗೆಯಲ್ಲಿ ಸವಿತಾ ತೀರಾ ಸೊರಗಿದ್ದಳು. ಎರಡನೆಯದಕ್ಕೆ ಅವಸರ ಬೇಡವೆಂದು ಡಾಕ್ಟರಮ್ಮ ಮೂರು ತಿಂಗಳಿಗೊಂದು ಇಂಜೆಕ್ಷನ್ ಹೇಳಿದರು. "ಆರು ತಿಂಗಳದ್ದು ಒಮ್ಮೆಲೇ ತೊಗೊಂಡ್ರ ಏನರ ಕಡಿಮಿ ಆಗತೈತೇನ್ರಿ?" ಎಂದೆ. "ಇದು ಸೀರಿ ಅಲ್ರಿ ಮಾವಶಿ," ಎಂದರು.

ಇಂಜೆಕ್ಷನ್ ಹಾಕಿಸಿದ ಮೇಲೆ ಮೊದಮೊದಲು ಮುಟ್ಟು ಹೊತ್ತುಗೊತ್ತಿಲ್ಲದೆ ಒಂದಿಷ್ಟು ಕಾಣಿಸಿಕೊಂಡಿತು; ಆಮೇಲೆ ನಿಂತೇಹೋಯಿತು. ನನ್ನ ವೈದ್ಯವೆಂದು ಎಳ್ಳುಂಡೆ ತಿನ್ನಿಸಿದೆ. ಉಂಡೆ ಖಾಲಿಯಾಯಿತೇ ಹೊರತು ಮುಟ್ಟು ಬರಲಿಲ್ಲ. ಮತ್ತೆ ದವಾಖಾನೆಗೆ ಓಡಿದೆವು. ಡಾಕ್ಟರ್ ಪರೀಕ್ಷೆ ಮಾಡಿ, ಬಸಿರಲ್ಲ ಎಂದರು.

"ಮತ್ತ ಆ ರಕ್ತ ಒಳಗ ಗೋದಾಮಿನ್ಯಾಗ ಸ್ಟಾಕ್ ಆಗಾಕತ್ತೈತೇನ್ರಿ?"

"ಈ ಔಷಧದಿಂದ ಗರ್ಭಚೀಲದ ಒಳಪದರ ತೆಳ್ಳಗs ಉಳಿತೈತ್ರಿ. ಮಾಲs ತಯಾರ ಆಗಲಿಲ್ಲಂದ್ರ ಸ್ಟಾಕ್ ಎಲ್ಲಿಂದ ಬರಬೇಕು? ಇಂಜೆಕ್ಷನ್ ಬಿಟ್ಟ ಮ್ಯಾಲ ಮತ್ತ ಬರತೈತಿ. ಒಂದಿಷ್ಟು ತಿಂಗಳು ಹಿಡಿಬಹುದು."

ನನಗೆ ನಿರಾಳವಾಯಿತು. ಸವಿತಾಳ ಮುಖ ಮಾತ್ರ ಅರಳಲಿಲ್ಲ. ರಿಕ್ಷಾದಲ್ಲಿ ಕೇಳಿದೆ: "ಇನ್ನೂ ಹೆದರಿಕಿ ಐತೇನವಾ?"

"ಹೆದರಿಕಿ ಇಲ್ರಿ ಅತ್ತಿ. ಆ ಮೂರು ದಿನ ಹೋದ್ವಲ್ರಿ."

ನಮ್ಮ ಮನೆಯಲ್ಲಿ ಹೊರಗಾದವರು ಮೂರು ದಿನ ಅಡುಗೆಮನೆಗೆ ಕಾಲಿಡುವುದಿಲ್ಲ. ನನ್ನ ಅತ್ತೆ ನನಗೆ ತಾಟು ಬಡಿಸಿದ್ದು ಆ ದಿನಗಳಲ್ಲೇ. ಗಂಟು ಹೊತ್ತ ಹೆಗಲನ್ನು ನೆಲಕ್ಕೆ ಹಚ್ಚಿ ಹಗಲಲ್ಲಿ ಮಲಗಿದ್ದೂ ಆಗಲೇ. ಮುಟ್ಟಬೇಡ ಎಂದಾಗ ಚುಚ್ಚುತ್ತಿತ್ತು. ಬಿಸಿ ರೊಟ್ಟಿ ಬಂದಾಗ ಮರೆಯುತ್ತಿತ್ತು. ರಾತ್ರಿಯೆಲ್ಲ ಕೂಸು, ಬೆಳಗಾದರೆ ಒಲೆ. ಈ ಹುಡುಗಿಗೆ ಸಿಗುತ್ತಿದ್ದ ರಜೆ ಅದೊಂದೇ. ಮುಟ್ಟಿನ ಜೊತೆ ಅದೂ ನಿಂತಿತ್ತು. ಡಾಕ್ಟರಿಗೂ ಹೊಳೆಯದ ಪರಿಣಾಮ ಅದು. ಹೊಳೆಯಬೇಕಾಗಿದ್ದ ನನಗೂ ಹೊಳೆದಿರಲಿಲ್ಲ.

"ತಿಂಗಳಿಗೊಂದು ದಿನ ನಾನs ಒಲಿ ಮುಂದ ನಿಂದರತೇನಿ," ಎಂದೆ. ಅವಳು ಕೂಸನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು.

"ಎರಡು?" ಎಂದೆ. ಅವಳು ಕೂಸಿನ ಟೋಪಿ ಸರಿಮಾಡಿದಳು.

"ಆತು ಬಿಡವಾ, ಮೂರು!"

ಆಗ ನಕ್ಕಳು. ಅವಳದೊಂದು ಮಾತೂ ಖರ್ಚಾಗಿರಲಿಲ್ಲ.

ಈಗ ತಿಂಗಳಿಗೆ ಮೂರು ದಿನ ರೊಟ್ಟಿ ನನ್ನದು. ಹೊರಗೆ ಕೂಡುವ ಪದ್ಧತಿಯನ್ನೂ ತೆಗೆದುಹಾಕಿದ್ದೇನೆ. ಅದರಿಂದ ನಷ್ಟ ನನಗೇ. ಸವಿತಾ ನಿದ್ದೆ ಮುಗಿಸಿ, ಕೂಸನ್ನೆತ್ತಿಕೊಂಡು ಒಲೆಯ ಪಕ್ಕಕ್ಕೇ ಬಂದು, "ಅತ್ತಿ, ಅಂಚು ದಪ್ಪ ಆತ್ರಿ," ಎನ್ನುತ್ತಾಳೆ.

ಮೊನ್ನೆ ನೆರೆಮನೆಯ ಶಾಂತಕ್ಕ ತನ್ನ ಸೊಸೆಗೂ ಇಂಜೆಕ್ಷನ್ ಹಾಕಿಸಬೇಕೆಂದು ನನ್ನ ಸಲಹೆ ಕೇಳಲು ಬಂದಳು. ಬಿಡುತ್ತೇನೆಯೇ? "ಡಾಕ್ಟರಿಗೆ ಎಲ್ಲಾ ಬಿಡಿಸಿ ಕೇಳ್ರಿ ಶಾಂತಕ್ಕ, ಸಂಕೋಚ ಮಾಡಬ್ಯಾಡ್ರಿ. ಆದ್ರ ಬರೂ ಮುಂದ ರಿಕ್ಷಾದಾಗ ನೀವು ಮೊದಲ ಬಾಯಿ ತೆರೀಬ್ಯಾಡ್ರಿ," ಎಂದು ಹೇಳಿ ಮುಗಿಸುವಷ್ಟರಲ್ಲಿ ಹಂಚಿನ ಮೇಲೆ ನನ್ನ ರೊಟ್ಟಿ ಸೀದಿತ್ತು.